ಇಪ್ಪತ್ತೊಂದು ದಿನಗಳ ಲೆಕ್ಕ: ಒಬ್ಬ ಸಹಪಾಠಿಯ ನೆನಪಿನ ಪ್ರಕರಣ ಅಧ್ಯಯನ

2003ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ನಮ್ಮ ತಂಡದವರು ಇಪ್ಪತ್ತು ವರ್ಷಗಳ ನಂತರ, 2023ರ ಡಿಸೆಂಬರ್‌ನಲ್ಲಿ, ಗುರುವಂದನಾ ಕಾರ್ಯಕ್ರಮ ಇಟ್ಟುಕೊಳ್ಳಬೇಕೆಂದು ನಿರ್ಧರಿಸಿದಾಗ, ಮೊದಲ ಸಭೆಯಲ್ಲೇ ಎಲ್ಲರೂ ಒಪ್ಪಿದ ವಿಷಯ ಒಂದೇ ಆಗಿತ್ತು: ತೀರಿಹೋದ ನಮ್ಮ ಸಹಪಾಠಿಯ ಹೆಸರಿನಲ್ಲಿ ಶಾಲೆಗೆ ಒಂದು ದತ್ತಿ ಬಹುಮಾನವನ್ನು ಕೊಡಬೇಕು. ಊಟಕ್ಕೆ ಹುಗ್ಗಿಯೋ ಮಾಲದಿಯೋ ಎಂಬುದಕ್ಕೇ ಒಂದು ಗಂಟೆ ವಾದಿಸಿದ ಜನ ಇದಕ್ಕೆ ಎರಡು ಮಾತಾಡಲಿಲ್ಲ. ಸ್ಮರಣ ಸಂಚಿಕೆಗೆ ಆಕೆಯ ಪರಿಚಯವನ್ನು ಬರೆಯುವ ಕೆಲಸ ನನಗೆ ಬಂತು. ಎರಡು ಪುಟ ಸಾಕು ಎಂದಿದ್ದರು. ಆದರೆ ಕೇಳುತ್ತಾ ಹೋದಂತೆ ಆಕೆಯ ಬಗ್ಗೆ ನಾವು ಹೇಳಿಕೊಳ್ಳುತ್ತಿದ್ದ ಕಥೆಗೂ ಆಕೆ ಬದುಕಿದ ಬದುಕಿಗೂ ನಡುವೆ ಇಷ್ಟು ಅಂತರ ಕಂಡಿತೆಂದರೆ, ಆ ಎರಡು ಪುಟ ನಾಲ್ಕು ತಿಂಗಳ ಕೆಲಸವಾಯಿತು. ಸಂಚಿಕೆಯಲ್ಲಿ ಹಿಡಿಸದೆ ಉಳಿದದ್ದನ್ನು ಇಲ್ಲಿ ಪೂರ್ತಿಯಾಗಿ ದಾಖಲಿಸುತ್ತಿದ್ದೇನೆ.

ಆಕೆಯ ಹೆಸರನ್ನು ಬರೆಯುತ್ತಿಲ್ಲ. ಅದು ಆಕೆಯ ತಮ್ಮನ ಕೋರಿಕೆ. ಊರು ಶಹಾಬಾದ್ ಸೀಮೆಯ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಗಳ ನಡುವಿನ ಒಂದು ಹಳ್ಳಿ ಎಂದಷ್ಟೇ ಹೇಳಿದರೆ ಸಾಕು. ಜಿಲ್ಲೆಗೆ ಆಗ ಗುಲಬರ್ಗಾ ಎಂಬ ಹೆಸರಿತ್ತು. ಅಧಿಕೃತವಾಗಿ ಕಲಬುರಗಿ ಆದದ್ದು 2014ರ ನವೆಂಬರ್ 1ರಂದು, ಆಕೆ ಹೋಗಿ ಐದು ವರ್ಷ ಕಳೆದ ಮೇಲೆ. ಹಾಗಾಗಿ ಆ ಕಾಲದ ಮಾತಿಗೆ ಹಳೆಯ ಹೆಸರನ್ನೇ ಇಟ್ಟುಕೊಂಡಿದ್ದೇನೆ. ನನ್ನ ಆಧಾರಗಳು ಆಕೆಯ ತಾಯಿ, ತಮ್ಮ, ನಿವೃತ್ತರಾದ ನಮ್ಮ ಗಣಿತದ ಮಾಸ್ತರು, ಪಿಯುಸಿಯಲ್ಲಿ ಆಕೆಯ ಜೊತೆ ಹಾಸ್ಟೆಲ್ ಕೋಣೆ ಹಂಚಿಕೊಂಡಿದ್ದ ಗೆಳತಿ, ಮತ್ತು ಶಾಲೆಯ ಕಪಾಟಿನಲ್ಲಿ ಗೆದ್ದಲಿಗೆ ಸಿಗದೆ ಉಳಿದ ಹತ್ತನೆಯ ತರಗತಿಯ ಹಾಜರಿ ಪುಸ್ತಕ. ನನ್ನ ಬಗ್ಗೆಯೂ ಒಂದು ಸಂಗತಿಯನ್ನು ಮೊದಲೇ ಹೇಳಿಬಿಡಬೇಕು: ಆ ತರಗತಿಯಲ್ಲಿ ಆಕೆ ಮೊದಲಿಗಳು, ನಾನು ಎರಡನೆಯವನು. ಈ ಬರಹವನ್ನು ಓದುವವರು ಅದನ್ನು ಮರೆಯಬಾರದು.

ಫರಸಿಯ ಲೆಕ್ಕ

ನಮ್ಮ ಶಾಲೆಯ ನೆಲಕ್ಕೆ ಊರಿನದೇ ಫರಸಿ ಹಾಸಿತ್ತು. ಪಾಲಿಶ್ ಮಾಡದ ಬೂದುಬಣ್ಣದ ಆ ಸುಣ್ಣಕಲ್ಲಿನ ಮೇಲೆ ಸೀಮೆಸುಣ್ಣ ಚೆನ್ನಾಗಿ ಮೂಡುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಗೋಡೆಯ ಕಡೆಗೆ ಕೂರುತ್ತಿದ್ದ ಆಕೆ ಒಂದು ಕಲ್ಲಿಗೆ ಒಂದು ಲೆಕ್ಕದಂತೆ ನೆಲದ ಮೇಲೆಯೇ ಬಿಡಿಸುತ್ತಿದ್ದಳು. ಮಧ್ಯಾಹ್ನದ ಬಿಡುವಿನಲ್ಲಿ ನಾವು ಹೊರಗೆ ಹೋಗಿ ಬರುವಷ್ಟರಲ್ಲಿ ಏಳೆಂಟು ಕಲ್ಲುಗಳು ತುಂಬಿರುತ್ತಿದ್ದವು. ಗಂಟೆ ಬಾರಿಸಿದ ಕೂಡಲೇ ಓಢಣಿಯ ತುದಿಯಿಂದ ಎಲ್ಲವನ್ನೂ ಒರೆಸಿಬಿಡುತ್ತಿದ್ದಳು. ನೋಟ್‌ಬುಕ್ಕಿನ ಖರ್ಚು ಉಳಿಸುವುದಕ್ಕೆ ಹಾಗೆ ಮಾಡುತ್ತಿದ್ದಳೆಂದು ನಾವು ತಿಳಿದಿದ್ದೆವು. ತಪ್ಪು ಮಾಡಿದ್ದು ಯಾರಿಗೂ ಕಾಣಬಾರದು ಎಂಬುದೂ ಒಂದು ಕಾರಣವಿತ್ತೆಂದು ಆಕೆಯ ಗೆಳತಿ ಈಗ ಹೇಳುತ್ತಾರೆ.

ಆಕೆಯ ಜಾಣತನಕ್ಕೆ ನಮ್ಮ ತಂಡ ಕೊಡುವ ಸಾಕ್ಷಿ ಎಸ್ಸೆಸ್ಸೆಲ್ಸಿಯ 625ಕ್ಕೆ ಬಂದ ಅಂಕ. ನನಗೆ ಅದಕ್ಕಿಂತ ಬಲವಾದ ಸಾಕ್ಷಿ ಒಂಬತ್ತನೆಯ ತರಗತಿಯಲ್ಲಿ ನಡೆದ ಒಂದು ಪ್ರಸಂಗ. ಆಕೆಯ ತಂದೆ ಫರಸಿ ಪಾಲಿಶ್ ಮಾಡುವ ಕೆಲಸದಲ್ಲಿದ್ದರು. ಕೂಲಿ ಚದರ ಅಡಿಯ ಲೆಕ್ಕದಲ್ಲಿ. ಎರಡಡಿಯ ಕಲ್ಲೆಂದು ಮುನೀಮ ಪ್ರತಿ ಕಲ್ಲಿಗೆ 4 ಚದರ ಅಡಿ ಬರೆಯುತ್ತಿದ್ದ. ಒಂದು ಭಾನುವಾರ ಊಟ ಕೊಡಲು ಹೋದ ಮಗಳು ದಾರದಿಂದ ಕಲ್ಲನ್ನು ಅಳೆದು ನೋಡಿದಳು. ಅಂಚು ಕತ್ತರಿಸದ ಆ ಕಲ್ಲು ಒಂದೊಂದು ಬದಿಗೆ 26 ಅಂಗುಲವಿತ್ತು. 26ನ್ನು 26ರಿಂದ ಗುಣಿಸಿದರೆ 676 ಚದರ ಅಂಗುಲ. 144ರಿಂದ ಭಾಗಿಸಿದರೆ 4.69 ಚದರ ಅಡಿ. ಅಂದರೆ ನೂರು ಕಲ್ಲಿಗೆ 69 ಚದರ ಅಡಿಯಷ್ಟು ಕೆಲಸ ಪುಕ್ಕಟೆಯಾಗಿ ಹೋಗುತ್ತಿತ್ತು. ಅಂಚು ಕತ್ತರಿಸಿದ ಮೇಲೆ ಎರಡಡಿಯೇ ಉಳಿಯುತ್ತದೆ ಎಂದು ಮುನೀಮ ವಾದಿಸಿದಾಗ ಆಕೆ ಕೇಳಿದ್ದು ಒಂದೇ ಪ್ರಶ್ನೆ: "ಪಾಲಿಶ್ ಮೊದ್ಲ ಆಗ್ತದೋ, ಕತ್ತರಸೋದು ಮೊದ್ಲೋ?" ಮುನೀಮ ಹಳೆಯ ಬಾಕಿಯನ್ನೇನೂ ಕೊಡಲಿಲ್ಲ. ಆದರೆ ಮುಂದಿನ ವಾರದಿಂದ ಅಂಚು ಕತ್ತರಿಸಿದ ಕಲ್ಲನ್ನೇ ಪಾಲಿಶಿಗೆ ಕೊಡತೊಡಗಿದ. ಹುಡುಗಿಯ ಲೆಕ್ಕ ಸರಿಯಿತ್ತು ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಒಪ್ಪಿಗೆ ಬೇಕಿರಲಿಲ್ಲ.

ಗಣಿತದ ಮಾಸ್ತರಿಗೆ ಈಗ ಎಪ್ಪತ್ತು ದಾಟಿದೆ. ನಾನು ಹೋದಾಗ ಕಣ್ಣಿನ ಶಸ್ತ್ರಚಿಕಿತ್ಸೆಯಾಗಿ ಕಪ್ಪು ಕನ್ನಡಕ ಹಾಕಿಕೊಂಡು ಕುಳಿತಿದ್ದರು. "ನೀವೆಲ್ಲಾ ಉತ್ತರ ಹುಡುಕತಿದ್ರಿ. ಅಕಿ ಮೊದ್ಲು ಪ್ರಶ್ನಿ ಸರಿ ಅದನೋ ಇಲ್ಲೋ ನೋಡ್ತಿದ್ಲು" ಎಂದರು. ಪಠ್ಯಪುಸ್ತಕದ ಹಿಂದಿನ ಉತ್ತರಗಳಲ್ಲಿ ಆಕೆ ಹಿಡಿದ ಎರಡು ತಪ್ಪುಗಳನ್ನು ತಮ್ಮ ಪ್ರತಿಯಲ್ಲಿ ತಿದ್ದಿಟ್ಟುಕೊಂಡಿದ್ದರಂತೆ. ಆ ಪ್ರತಿ ಈಗ ಅವರ ಬಳಿ ಇಲ್ಲ.

ಸೋಮವಾರಗಳು

ರೋಗದ ಆರಂಭ 1999ರ ಮಳೆಗಾಲದಲ್ಲಿ, ಆಕೆ ಏಳನೆಯ ತರಗತಿಯಲ್ಲಿದ್ದಾಗ. ಮೊದಲು ಗಂಟಲು ನೋವು ಬಂದು ಹೋಯಿತು. ಅದನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಎರಡು ಮೂರು ವಾರಗಳ ನಂತರ ಜ್ವರ ಬಂತು, ಬಲ ಮೊಣಕಾಲು ಊದಿತು; ಅದು ಇಳಿಯುವಷ್ಟರಲ್ಲಿ ಎಡ ಪಾದದ ಕೀಲು, ಆಮೇಲೆ ಮೊಣಕೈ. ಊರಿನವರು ವಾಯು ಎಂದರು, ಎಣ್ಣೆ ತಿಕ್ಕಿದರು. ಆಗಸ್ಟ್ 15ರಂದು ಧ್ವಜದ ಮುಂದೆ ನಿಲ್ಲಲಾರದೆ ಕುಸಿದ ಮಗಳನ್ನು ತಂದೆ ಮರುದಿನ, ಸೋಮವಾರ, ಗುಲಬರ್ಗಾದ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದರು. ಅಲ್ಲಿ ಇದಕ್ಕೆ ರುಮ್ಯಾಟಿಕ್ ಜ್ವರವೆಂದು ಹೆಸರು ಹೇಳಿ, ಹೃದಯದ ಸದ್ದಿನಲ್ಲಿ ವ್ಯತ್ಯಾಸವಿದೆ ಎಂದೂ ತಿಳಿಸಿದರು.

ಈ ರೋಗದ ಬಗೆಯನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದ ಒಂದು ಗುಂಪು ಗಂಟಲಿಗೆ ಸೋಂಕು ತಂದಾಗ ದೇಹವು ಅದರ ವಿರುದ್ಧ ತಯಾರಿಸಿಕೊಂಡ ಪ್ರತಿರೋಧ ಶಕ್ತಿಯೇ ಕೆಲವು ಮಕ್ಕಳಲ್ಲಿ ದಾರಿತಪ್ಪಿ ಸ್ವಂತ ಕೀಲುಗಳನ್ನೂ ಹೃದಯದ ಕವಾಟಗಳನ್ನೂ ಹಾಳುಮಾಡುತ್ತದೆ. ಹೆಚ್ಚಾಗಿ ಬೀಳುವುದು 5ರಿಂದ 15 ವರ್ಷದ ಮಕ್ಕಳಿಗೆ, ಅದರಲ್ಲೂ ಇಕ್ಕಟ್ಟಾದ ಮನೆಗಳಲ್ಲಿ ಬೆಳೆಯುವವರಿಗೆ. ಕೀಲನ್ನು ನೆಕ್ಕಿ ಹೃದಯವನ್ನು ಕಚ್ಚುವ ರೋಗ ಎಂಬ ಮಾತು ವೈದ್ಯರಲ್ಲಿ ಹಳೆಯದು: ಕೀಲು ಪೂರ್ತಿ ಗುಣವಾಗುತ್ತದೆ, ಆದರೆ ಕವಾಟಕ್ಕೆ ಬಿದ್ದ ಗಾಯ ಉಳಿದು, ಹೊಸ ಸೋಂಕು ಬಂದಾಗಲೆಲ್ಲ ಬೆಳೆಯುತ್ತದೆ. ಹಾಗಾಗಿ ಮತ್ತೆ ಸೋಂಕು ತಗಲದಂತೆ ತಡೆಯುವುದೇ ಮುಖ್ಯ ಉಪಾಯ. ಅದಕ್ಕೆ ಮೂರು ನಾಲ್ಕು ವಾರಕ್ಕೊಮ್ಮೆ, ನಮ್ಮಲ್ಲಿ ಸಾಮಾನ್ಯವಾಗಿ 21 ದಿನಕ್ಕೊಮ್ಮೆ, ಬೆಂಜಥೀನ್ ಪೆನಿಸಿಲಿನ್ ಸೂಜಿ ಕೊಡುತ್ತಾರೆ. ದೊಡ್ಡ ಮಕ್ಕಳಿಗೆ 12 ಲಕ್ಷ ಯೂನಿಟ್. ಹೃದಯಕ್ಕೆ ತಾಗಿದ್ದರೆ ಕನಿಷ್ಠ ಹತ್ತು ವರ್ಷ ಅಥವಾ ಇಪ್ಪತ್ತೈದರ ಪ್ರಾಯದವರೆಗೆ, ಗಾಯ ದೊಡ್ಡದಿದ್ದರೆ ಇನ್ನೂ ಮುಂದೆ. ಔಷಧ ದುಬಾರಿಯದಲ್ಲ. ಆದರೆ ಆ ಬಿಳಿ ಪುಡಿ ನೀರಿನಲ್ಲಿ ಕದಡಿದರೂ ದಪ್ಪವಾಗಿಯೇ ಉಳಿಯುವುದರಿಂದ ದಪ್ಪ ಸೂಜಿಯೇ ಬೇಕು, ಎರಡು ದಿನ ಕೂರಲು ನೋವು. ಅಪರೂಪಕ್ಕೆ ಕೆಲವರಿಗೆ ಪೆನಿಸಿಲಿನ್ ಒಗ್ಗದೆ ಪ್ರಾಣಕ್ಕೇ ಬರಬಹುದೆಂಬ ಅಂಜಿಕೆಯಿಂದ ಊರಿನ ಹತ್ತಿರದ ಸಣ್ಣ ದವಾಖಾನೆಗಳಲ್ಲಿ ಅದನ್ನು ಕೊಡಲು ಒಪ್ಪುತ್ತಿರಲಿಲ್ಲ. ಹೀಗಾಗಿ ಪ್ರತಿ ಸಲವೂ ಪ್ಯಾಸೆಂಜರ್ ರೈಲಿನಲ್ಲಿ ಮರತೂರು ದಾಟಿ ಗುಲಬರ್ಗಾಕ್ಕೆ ಹೋಗಬೇಕು, ಸಾಲಿನಲ್ಲಿ ನಿಲ್ಲಬೇಕು, ಸಂಜೆಗೆ ಮರಳಬೇಕು. ತಾಯಿಗೆ ಒಂದು ದಿನದ ಕೂಲಿ ಹೋಗುತ್ತಿತ್ತು, ಮಗಳಿಗೆ ಒಂದು ದಿನದ ಶಾಲೆ.

ಇಪ್ಪತ್ತೊಂದು ದಿನ ಎಂದರೆ ಸರಿಯಾಗಿ ಮೂರು ವಾರ; ಮೊದಲ ಸೂಜಿ ಸೋಮವಾರವಾದರೆ ಕೊನೆಯದೂ ಸೋಮವಾರವೇ. ಹಾಜರಿ ಪುಸ್ತಕದಲ್ಲಿ ಇದು ಎಷ್ಟು ಸ್ಪಷ್ಟವಾಗಿದೆ ಎಂದರೆ, ರೋಗದ ವಿಷಯ ತಿಳಿಯದವನೂ ಬೆರಳಿಟ್ಟು ತೋರಿಸಬಹುದು. 2002ರ ಜುಲೈ 1, ಜುಲೈ 22, ಆಗಸ್ಟ್ 12, ಸೆಪ್ಟೆಂಬರ್ 2, ಸೆಪ್ಟೆಂಬರ್ 23: ಆಕೆಯ ಹೆಸರಿನ ಮುಂದೆ ಕೆಂಪು ಶಾಯಿಯ ಗೈರುಹಾಜರಿ. ರಜೆಯ ಚೀಟಿಗಳಲ್ಲಿ ಮನೆಯಲ್ಲಿ ಕೆಲಸವಿದ್ದ ಕಾರಣ ಎಂದೇ ಬರೆದಿದೆ. ತಾಯಿಯ ಸೂಚನೆ ಹಾಗಿತ್ತು. "ಎದಿ ಬ್ಯಾನಿ ಅಂತ ಊರಾಗ ಗೊತ್ತಾದ್ರ ಹೆಣ್ಣಹುಡುಗಿ ಲಗ್ನ ಹ್ಯಾಂಗ ಆಗ್ತಿತ್ತು, ನೀನ ಹೇಳಪ್ಪಾ" ಎಂದು ಆ ತಾಯಿ ನನ್ನನ್ನು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಶಾಲೆಗೆ ತಿಳಿದಿರಲಿಲ್ಲ ಎಂಬ ಕಾರಣಕ್ಕೆ ಶಾಲೆಯನ್ನು ದೂರುವುದೂ ನ್ಯಾಯವಲ್ಲ.

ನಮ್ಮಲ್ಲಿ ಪ್ರತಿ ಸೋಮವಾರ 25 ಅಂಕಗಳ ಗಣಿತ ಕಿರುಪರೀಕ್ಷೆ ಇರುತ್ತಿತ್ತು. ಬಾರದವರಿಗೆ ಸೊನ್ನೆ. ಆಕೆ ಬಾರದ ಸೋಮವಾರ ನಾನು ಮೊದಲಿಗನಾಗುತ್ತಿದ್ದೆ, ಮತ್ತು ಅದಕ್ಕಾಗಿ ಕಾಯುತ್ತಿದ್ದೆ. ಮೂರು ವಾರಕ್ಕೊಮ್ಮೆ ಹೀಗಾಗುತ್ತದೆ ಎಂಬುದನ್ನು ತರಗತಿಯಲ್ಲಿ ಮೊದಲು ಗಮನಿಸಿದವನೂ ನಾನೇ. ಏಕೆ ಎಂದು ಕೇಳಬೇಕೆಂದು ಮಾತ್ರ ಹೊಳೆಯಲಿಲ್ಲ. ದಸರಾ ರಜೆಗೆ ಮುಂಚೆ ಕಿರುಪರೀಕ್ಷೆಗಳ ಒಟ್ಟು ಅಂಕಗಳನ್ನು ಗೋಡೆಗೆ ಅಂಟಿಸಿದರು. ಐದು ಸೊನ್ನೆಗಳಿಂದಾಗಿ ಆಕೆ ಏಳನೆಯ ಸ್ಥಾನಕ್ಕೆ ಇಳಿದಿದ್ದಳು. ಮೇಲೆ ನನ್ನ ಹೆಸರಿತ್ತು.

ದೀಪಾವಳಿಯ ನಂತರ ಹಾಜರಿ ಪುಸ್ತಕದಲ್ಲಿ ಆಕೆಯ ಹೆಸರಿನ ಮುಂದೆ ಒಂದೇ ಒಂದು ಕೆಂಪು ಗುರುತಿಲ್ಲ. ನವೆಂಬರ್‌ನಿಂದ ಮಾರ್ಚ್‌ವರೆಗೆ ಪೂರ್ಣ ಹಾಜರಿ. ಪರೀಕ್ಷೆ ಮುಗಿಯುವವರೆಗೆ ಸೂಜಿ ಬೇಡವೆಂದು ಹಟ ಹಿಡಿದಳೆಂದೂ, ಮೈ ಆರಾಮಿದ್ದುದರಿಂದ ಮನೆಯವರೂ ಒಪ್ಪಿದರೆಂದೂ ತಾಯಿ ಹೇಳುತ್ತಾರೆ. ಶಾಲೆಯವರು ವಾರ್ಷಿಕೋತ್ಸವದಲ್ಲಿ ಆ ಐದು ತಿಂಗಳ ಪೂರ್ಣ ಹಾಜರಾತಿಗೆ ಆಕೆಗೆ ಪ್ರಶಂಸಾ ಪತ್ರ ಕೊಟ್ಟರು. ಈ ಪತ್ರ ಇಂದಿಗೂ ಅವರ ಮನೆಯ ನಡುಗೋಡೆಯಲ್ಲಿ ಆಕೆಯ ಭಾವಚಿತ್ರದ ಪಕ್ಕ ಕಟ್ಟು ಹಾಕಿಸಿಕೊಂಡು ತೂಗುತ್ತಿದೆ; ಗಾಜಿನ ಒಂದು ಮೂಲೆ ಬಿರುಕು ಬಿಟ್ಟಿದೆ, ಒಳಗಿನ ಸಹಿ ಮಾಸಿ ನೀಲಿಯ ಕಲೆಯಾಗಿದೆ. ಅದನ್ನೂ ಹಾಜರಿ ಪುಸ್ತಕವನ್ನೂ ಒಟ್ಟಿಗೆ ಮನಸ್ಸಿನಲ್ಲಿ ಇಟ್ಟುಕೊಂಡು ಆ ಮನೆಯಲ್ಲಿ ಚಹಾ ಕುಡಿಯುವುದು ನನಗೆ ಸುಲಭವಾಗಲಿಲ್ಲ.

ಹಾಗೆಂದು ಆ ಐದು ತಿಂಗಳುಗಳೇ ಆಕೆಯನ್ನು ಕೊಂದವು ಎಂದು ಬರೆದರೆ ಅದೂ ಒಂದು ಕಟ್ಟುಕಥೆಯಾದೀತು. 2003ರ ಫೆಬ್ರವರಿಯಲ್ಲಿ ಆಕೆಗೆ ಮತ್ತೆ ಜ್ವರ ಬಂದಿತ್ತು, ಮೊಣಕಾಲಿಗೆ ಬಟ್ಟೆ ಕಟ್ಟಿಕೊಂಡು ಕುಂಟುತ್ತಾ ಬಂದಿದ್ದಳು ಎಂಬುದನ್ನು ನಾಲ್ವರು ಬೇರೆ ಬೇರೆಯಾಗಿ ನೆನಪಿಸಿಕೊಂಡಿದ್ದಾರೆ. ಅದು ರೋಗ ಮರುಕಳಿಸಿದ ಲಕ್ಷಣ ಎನ್ನಲು ಅವಕಾಶವಿದೆ. ಆದರೆ ಕವಾಟಕ್ಕೆ ಮೊದಲ ಸಲವೇ ಎಷ್ಟು ಹಾನಿಯಾಗಿತ್ತು, ಮುಂದೆ ಎಷ್ಟಾಯಿತು ಎಂಬುದನ್ನು ಬೇರ್ಪಡಿಸಿ ಹೇಳುವ ಪರೀಕ್ಷಾ ವರದಿ ಒಂದೂ ಉಳಿದಿಲ್ಲ. ಉಳಿದಿರುವುದು ಇಷ್ಟೇ: ನಿಂತ ಸೂಜಿ ಪರೀಕ್ಷೆಯ ನಂತರವೂ ಮತ್ತೆ ಶುರುವಾಗಲಿಲ್ಲ.

ಆಮೇಲಿನದು ಬೇಗ ಮುಗಿಯುತ್ತದೆ. ಗುಲಬರ್ಗಾದಲ್ಲಿ ಪಿಯುಸಿ ವಿಜ್ಞಾನ ಓದಿದಳು. ಹಾಸ್ಟೆಲ್ಲಿನ ಎರಡನೆಯ ಅಂತಸ್ತಿಗೆ ಹತ್ತುವಾಗ ನಡುವೆ ನಿಂತು ಕಿಟಕಿಯಿಂದ ಏನನ್ನೋ ನೋಡುವವಳಂತೆ ನಟಿಸುತ್ತಿದ್ದಳೆಂದು ಗೆಳತಿ ಹೇಳುತ್ತಾರೆ. ರಕ್ತ ಕಡಿಮೆ ಇರಬೇಕೆಂದು ಕಬ್ಬಿಣಾಂಶದ ಗುಳಿಗೆ ನುಂಗಿದಳು. ಬಿಎಸ್‌ಸಿ ಮೊದಲ ವರ್ಷ ಮುಗಿಯಿತು, 2007ರಲ್ಲಿ ಸೇಡಂ ಕಡೆಗೆ ಲಗ್ನವಾಯಿತು. ಅತ್ತೆಮನೆಗೆ ಹಳೆಯ ರೋಗದ ವಿಷಯ ತಿಳಿಸಿರಲಿಲ್ಲ. ಗರ್ಭಿಣಿಯರ ದೇಹದಲ್ಲಿ ರಕ್ತದ ಪ್ರಮಾಣ 40ರಿಂದ 50 ಪ್ರತಿಶತದವರೆಗೆ ಏರುತ್ತದೆ, ಏಳೆಂಟು ತಿಂಗಳ ಹೊತ್ತಿಗೆ ಅದು ತುದಿ ಮುಟ್ಟುತ್ತದೆ; ಹೃದಯದ ಎಡಭಾಗದ ಮೈಟ್ರಲ್ ಕವಾಟ ಕಿರಿದಾಗಿದ್ದರೆ ಅಷ್ಟು ರಕ್ತ ಮುಂದೆ ಹೋಗಲಾರದೆ ಹಿಂದಕ್ಕೆ ಒತ್ತಿ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಅವಳಿಗೆ ಆದದ್ದೂ ಅದೇ. ರಾತ್ರಿ ಮಲಗಲಾಗದೆ ಗೋಡೆಗೆ ಒರಗಿ ಕೂರುತ್ತಿದ್ದಳು, ಅದನ್ನು ದಮ್ಮು ಎಂದು ತಿಳಿದರು. 2009ರ ಜನವರಿಯಲ್ಲಿ, ಸಂಕ್ರಾಂತಿ ಕಳೆದ ವಾರ, ಗುಲಬರ್ಗಾಕ್ಕೆ ತರುವಷ್ಟರಲ್ಲಿ ಕೈ ಮೀರಿತ್ತು. ಮಗುವೂ ಉಳಿಯಲಿಲ್ಲ. ಆಕೆಗೆ ಇಪ್ಪತ್ತೊಂದು ವರ್ಷ.

ಕವಾಟವನ್ನು ಬಲೂನಿನಿಂದ ಹಿಗ್ಗಿಸುವ ಚಿಕಿತ್ಸೆ 1980ರ ದಶಕದಿಂದಲೇ ಇದೆ, ಗರ್ಭಿಣಿಯರಿಗೂ ಮಾಡುತ್ತಾರೆ. ಬಡವರ ಹೃದಯ ಚಿಕಿತ್ಸೆಗೆ ಸರಕಾರ ಹಣ ಕೊಡುತ್ತಿದ್ದ ವಾಜಪೇಯಿ ಆರೋಗ್ಯಶ್ರೀ ಯೋಜನೆ ರಾಜ್ಯದಲ್ಲಿ ಮೊದಲು ಶುರುವಾದದ್ದು ನಮ್ಮ ಗುಲಬರ್ಗಾ ವಿಭಾಗದಲ್ಲೇ, 2010ರಲ್ಲಿ. ಶಾಲಾ ಮಕ್ಕಳಲ್ಲಿ ಈ ರೋಗವನ್ನೂ ಸೇರಿಸಿ ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಬಂದದ್ದು 2013ರಲ್ಲಿ.

ಬಹುಮಾನದ ನಿಯಮ

ಸಾವಿನ ಕಾರಣವಾಗಿ ನಮ್ಮ ತಂಡದಲ್ಲಿ ಮೂರು ಮಾತುಗಳು ಓಡಾಡುತ್ತಿದ್ದವು. ಹೆರಿಗೆಯಲ್ಲಿ ಹೋದಳು ಎಂಬುದು ಹೆಚ್ಚಿನವರ ಮಾತು. ಅತಿಯಾಗಿ ಓದಿ ಮೈ ಕೆಡಿಸಿಕೊಂಡಳು ಎಂಬುದು ಇನ್ನು ಕೆಲವರದು. ಅಷ್ಟು ಜಾಣೆಗೆ ದೃಷ್ಟಿ ತಾಗದೆ ಇರುತ್ತದೆಯೇ ಎಂದು, ಈಗ ಸ್ವತಃ ಔಷಧ ಅಂಗಡಿ ನಡೆಸುವ ಗೆಳೆಯನೊಬ್ಬ ಕೇಳಿದ. ಈ ಮೂರರಲ್ಲಿಯೂ ಒಂದು ಅನುಕೂಲವಿದೆ: ಯಾವುದರಲ್ಲೂ ನಾವು ಇಲ್ಲ. ಪ್ರತಿಭೆಯನ್ನು ಎತ್ತರಕ್ಕೆ ಏರಿಸಿದಷ್ಟೂ ಸಾವು ದೈವದ ಕೆಲಸದಂತೆ ಕಾಣತೊಡಗುತ್ತದೆ, ರೈಲಿನ ಸಮಯ, ಕೂಲಿಯ ನಷ್ಟ, ಗೋಡೆಗೆ ಅಂಟಿಸಿದ ಅಂಕಪಟ್ಟಿ ಇವೆಲ್ಲ ಕಣ್ಮರೆಯಾಗುತ್ತವೆ.

ದತ್ತಿ ಬಹುಮಾನದ ಕರಡು ನಿಯಮದಲ್ಲಿ ಎರಡು ಅರ್ಹತೆಗಳನ್ನು ಬರೆಯಲಾಗಿತ್ತು: ಗಣಿತದಲ್ಲಿ ಅತ್ಯಧಿಕ ಅಂಕ, ಮತ್ತು ವರ್ಷದಲ್ಲಿ ಪೂರ್ಣ ಹಾಜರಾತಿ. ಎರಡನೆಯದನ್ನು ಸೇರಿಸಿದವರು ಆ ಪ್ರಶಂಸಾ ಪತ್ರವನ್ನು ನೆನಪಿಟ್ಟುಕೊಂಡೇ, ಪ್ರೀತಿಯಿಂದಲೇ ಸೇರಿಸಿದ್ದರು. ನಾನು ಹಾಜರಿ ಪುಸ್ತಕದ ಪ್ರತಿಯನ್ನು ಸಭೆಯಲ್ಲಿ ಇಟ್ಟು ಸೋಮವಾರಗಳನ್ನು ತೋರಿಸಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ವಾದ ಶುರುವಾಯಿತು. ಸತ್ತವಳ ರೋಗವನ್ನು ಈಗ ಊರಿಗೆಲ್ಲ ಸಾರಬೇಕೇ ಎಂದು ಒಬ್ಬರು ಕೇಳಿದ್ದು ತೂಕದ ಪ್ರಶ್ನೆಯಾಗಿತ್ತು. ಅದನ್ನು ನಾನು ನೇರವಾಗಿ ತಾಯಿಯ ಬಳಿಗೇ ಒಯ್ದೆ. ಆಕೆ ಬಹಳ ಹೊತ್ತು ಜೋಳ ಹಸನು ಮಾಡುತ್ತಾ ಕುಳಿತಿದ್ದು, ಕೊನೆಗೆ ಹೇಳಿದ್ದು: "ಹೆಸರು ಬ್ಯಾಡ. ಸೂಜಿ ವಿಷಯ ಹೇಳ್ರಿ."

ಅಂತಿಮವಾಗಿ ಹಾಜರಾತಿಯ ಅರ್ಹತೆಯನ್ನು ತೆಗೆದುಹಾಕಲಾಯಿತು. ಅಂಕದ ಅರ್ಹತೆ ಉಳಿಯಿತು. ಅದರ ಬದಲಿಗೆ ಪ್ರಶ್ನೆಯ ತಪ್ಪನ್ನು ಹಿಡಿದವರಿಗೆ ಬಹುಮಾನ ಕೊಡೋಣ ಎಂಬ ನನ್ನ ಸಲಹೆಗೆ ಮಾಸ್ತರರೊಬ್ಬರೇ ಕೈ ಎತ್ತಿದರು. ದತ್ತಿಯ ಬಡ್ಡಿಯಲ್ಲಿ ಒಂದು ಪಾಲನ್ನು ತಿಂಗಳು ತಿಂಗಳು ದವಾಖಾನೆಗೆ ಹೋಗಬೇಕಾದ ಮಕ್ಕಳ ಪ್ರಯಾಣಕ್ಕೆ ಇಡಬೇಕೆಂದು ಒಪ್ಪಿದರಾದರೂ, ಅಂಥ ಮಕ್ಕಳನ್ನು ಹೆಸರು ಬಯಲಾಗದಂತೆ ಗುರುತಿಸುವುದು ಹೇಗೆ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಕಿರುಪರೀಕ್ಷೆಗೆ ಬಾರದವರಿಗೆ ಇನ್ನೊಂದು ದಿನ ಪರೀಕ್ಷೆ ಇಡುವ ಪದ್ಧತಿಯನ್ನು ಈಗಿನ ಮುಖ್ಯೋಪಾಧ್ಯಾಯರು ತಾವಾಗಿಯೇ ಜಾರಿಗೆ ತಂದರು. ಈ ಇಡೀ ಕೆಲಸದಲ್ಲಿ ನನಗೆ ಹೆಚ್ಚು ಸಮಾಧಾನ ಕೊಟ್ಟದ್ದು ಅದೇ, ಆದರೆ ಅದರಲ್ಲಿ ನನ್ನ ಪಾತ್ರವೇನೂ ಇಲ್ಲ.

ಕಾರ್ಯಕ್ರಮವೆಲ್ಲ ಮುಗಿದ ಮೇಲೆ ಆಕೆಯ ತಮ್ಮ ಒಂದು ನೋಟ್‌ಬುಕ್ ತಂದುಕೊಟ್ಟರು. ಟ್ರಂಕಿನ ತಳದಲ್ಲಿ ಸಿಕ್ಕಿತಂತೆ. ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಒಳಮುಖವಾಗಿ ಮಡಿಸಿ ಹೊದಿಕೆ ಹಾಕಿತ್ತು. ಮೊದಲ ಪುಟದಲ್ಲಿ ಹನ್ನೆರಡು ವರ್ಷದ ಹುಡುಗಿಯ ಅಕ್ಷರದಲ್ಲಿ ಒಂದು ಲೆಕ್ಕವಿದೆ. ಇಪ್ಪತ್ತೈದು ತುಂಬುವವರೆಗೆ, ಅಂದರೆ ಇನ್ನು ಹದಿಮೂರು ವರ್ಷ, ಸೂಜಿ ತಪ್ಪಿಸಬಾರದೆಂದು ದವಾಖಾನೆಯಲ್ಲಿ ಹೇಳಿದ್ದನ್ನು ಅವಳು ದಿನಗಳಿಗೆ ಇಳಿಸಿದ್ದಾಳೆ. 13ನ್ನು 365ರಿಂದ ಗುಣಿಸಿ 4745. ಅದನ್ನು 21ರಿಂದ ಭಾಗಿಸಿ 225, ಶೇಷ 20. ಇದರ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ 2000, 2004, 2008, 2012 ಎಂದು ಬರೆದು, ನಾಲ್ಕು ದಿನ ಕೂಡಿಸಿ 4749 ಮಾಡಿ, ಮತ್ತೆ ಭಾಗಿಸಿದ್ದಾಳೆ: 226, ಶೇಷ 3. ಕೆಳಗೆ "ಅಧಿಕ ವರ್ಷದ್ದು ಒಂದು ಸೂಜಿ ಜಾಸ್ತಿ" ಎಂದಿದೆ.

ಒಳಗಿನ ಪುಟಗಳಲ್ಲಿ ಕ್ರಮಸಂಖ್ಯೆ, ದಿನಾಂಕ, ಸೂಜಿಯಾದ ಮೇಲೆ ಹಾಕಿದ ಸರಿ ಗುರುತು. ಕಾಗಿಣಾ ತುಂಬಿ ಬಂದ ಒಂದು ಮಳೆಗಾಲದಲ್ಲಿ ಒಂದು ವಾರ ಜಾರಿದೆ. ಮುಂದಿನದನ್ನು ಮತ್ತೆ ಹಳೆಯ ಸೋಮವಾರಕ್ಕೇ ಹೊಂದಿಸಿಕೊಂಡಿದ್ದಾಳೆ. 2002ರ ಜುಲೈ 1 ಐವತ್ತನೆಯದು. ಅಕ್ಟೋಬರ್ 14ರಂದು, ದಸರಾ ರಜೆಯಲ್ಲಿ, ಐವತ್ತೈದನೆಯದು. ಅಲ್ಲಿಯವರೆಗೆ ಸರಿ ಗುರುತುಗಳಿವೆ. ಐವತ್ತಾರನೆಯದು ನವೆಂಬರ್ 4, ದೀಪಾವಳಿ. ಅದರ ಎದುರಿಗೆ ಗುರುತೇನೂ ಇಲ್ಲ. ಐವತ್ತೇಳನೆಯದು ನವೆಂಬರ್ 25. ಅದರ ಎದುರಿಗೆ ಸರಿ ಗುರುತು ಇರಬೇಕಾದ ಜಾಗದಲ್ಲಿ "ಗಣಿತ ಕಿರುಪರೀಕ್ಷೆ, 25ಕ್ಕೆ 25" ಎಂದು ಬರೆದುಕೊಂಡಿದ್ದಾಳೆ. ಆ ಸೋಮವಾರ ನನಗೆ 24 ಬಂದಿತ್ತು.